ದೂಡುವುದು ಬಿಟ್ಟ ಮೇಲೆ

ಕಲ್ಲು ತೇಲತೊಡಗಿದ ಮೊದಲ ವಾರ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಹನ್ನೆರಡು ಟನ್ನಿನ ಕೆಂಪು ಗ್ರಾನೈಟ್ ದಿಮ್ಮಿ. ಎತ್ತಬೇಕೆಂದರೆ ಕ್ರೇನು ಬರಬೇಕು, ಉರುಳೆ ಕೊಟ್ಟು ಜರುಗಿಸಬೇಕೆಂದರೆ ಇಡೀ ಗುಂಪು ಹಾರೆ ಹಾಕಬೇಕು. ಅಂಥದ್ದು ನೆಲದಿಂದ ಎರಡು ಬೆರಳು ಮೇಲೆ ನಿಂತು, ಇಬ್ಬರು ಹೆಂಗಸರು ಅಂಗೈ ಊರಿದರೆ ಸಾಕು, ತುಂಬು ಗಬ್ಬದ ಎಮ್ಮೆಯ ಹಾಗೆ ಮೆಲ್ಲಗೆ ಹೊರಡುತ್ತಿತ್ತು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇದು ಕಲ್ಲೋ ಹಪ್ಪಳವೋ ಎಂದಳು. ಇನ್ನೊಬ್ಬಳು, ಇಷ್ಟು ಹಗುರಾದ ಮೇಲೆ ಸಂಜೆ ಒಂದನ್ನು ಮನೆಗೇ ದೂಡಿಕೊಂಡು ಹೋಗಬಹುದಲ್ಲ, ಗೇಟಿನವನು ಬಿಟ್ಟಾನೇ ಎಂದು ಕೇಳಿದಳು.

ಕಲ್ಲು ಹಗುರಾಗಿಲ್ಲ ಎಂದು ಮಹಾನಂದಾ ಅವತ್ತೇ ಹೇಳಬೇಕಾಗಿತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಅವಳೂ ನಕ್ಕಿದ್ದಳು.

ಇಳಕಲ್ಲಿನ ಆಚೆ, ಗುಡ್ಡಗಳನ್ನು ಕೊಯ್ದು ಕೊಯ್ದು ಮೆಟ್ಟಿಲು ಮಾಡಿಟ್ಟ ಕಡೆ ಇತ್ತು ಆ ಕಾರ್ಖಾನೆ. ಮಾಲೀಕರು ಹೊರದೇಶದಿಂದ ತರಿಸಿದ ತೇಲುನೆಲದ ಗುಟ್ಟು ಬಹಳ ದೊಡ್ಡದೇನಲ್ಲ. ನೆಲದಡಿ ಕಾಂತಗಳ ಸಾಲು, ದಿಮ್ಮಿಯ ಕೆಳಗೆ ಹೊಸ ಬಗೆಯ ಲೋಹದ ತಟ್ಟೆ. ಕರೆಂಟು ಹರಿದಾಗ ಒಂದು ಇನ್ನೊಂದನ್ನು ತಳ್ಳುತ್ತದೆ, ತಟ್ಟೆ ಮೇಲೇಳುತ್ತದೆ. ಕಲ್ಲಿಗೂ ನೆಲಕ್ಕೂ ತಿಕ್ಕಾಟವೇ ಇಲ್ಲ. ಕಲ್ಲಿನ ಭಾರವನ್ನು ಕಾಂತ ಹೊತ್ತುಕೊಂಡಿತು, ಕಲ್ಲಿನ ಹಟ ಮಾತ್ರ ಕಲ್ಲಿನೊಳಗೇ ಉಳಿಯಿತು. ನಿಂತದ್ದನ್ನು ಹೊರಡಿಸಲು ಇಬ್ಬರು ಇಪ್ಪತ್ತು ಎಣಿಸುವಷ್ಟು ಹೊತ್ತು ದೂಡಿದ್ದರೆ, ಅದನ್ನು ನಿಲ್ಲಿಸಲು ಅದೇ ಇಬ್ಬರು ಎದುರಿಗೆ ನಿಂತು ಇಪ್ಪತ್ತು ಎಣಿಸುವಷ್ಟು ಹೊತ್ತು ದೂಡಬೇಕು. ಸುಮ್ಮನೆ ಕೈಬಿಟ್ಟರೆ ನಿಲ್ಲುವುದಿಲ್ಲ. ನಿಲ್ಲಲು ಅದಕ್ಕೆ ಕಾರಣವೇ ಇಲ್ಲ.

ಇಷ್ಟು ಸರಳವಾಗಿ ಮಹಾನಂದಾ ಇದನ್ನು ಯಾರಿಗೂ ಹೇಳಿರಲಿಲ್ಲ. ತನಗೇ ತಾನು ಇಷ್ಟು ಸರಳವಾಗಿ ಹೇಳಿಕೊಂಡದ್ದೂ ಆಮೇಲೆಯೇ.

ಅವಳು ಬಿ.ಎಸ್ಸಿ. ಓದಿದವಳು. ಮದುವೆಗೆ ಮುಂಚೆ ಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದಳು. ಆಮೇಲೆ ಹದಿನೆಂಟು ವರ್ಷ ಮನೆ. ಗಂಡ ಸಂಗನಬಸಪ್ಪ ಇದೇ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದವನು ಮ್ಯಾನೇಜರ್ ಆದ. ತೇಲುನೆಲ ಬಂದಾಗ ಗಾಜಿನ ಕೋಣೆಯಲ್ಲಿ ಕೂತು ದಿಮ್ಮಿಗಳು ತೇಲಿ ಸಾಗುವ ಓಣಿಗಳ ಕರೆಂಟು ನೋಡಿಕೊಳ್ಳಲು ಓದಿದವರೊಬ್ಬರು ಬೇಕಾದರು. ಹೊರಗಿನವರನ್ನು ತಂದರೆ ಮಾತು ಕೇಳುವುದಿಲ್ಲ, ಮನೆಯವರಾದರೆ ಹೇಳಿದ್ದು ಕೇಳುತ್ತಾರೆ ಎಂದು ಮಾಲೀಕರಿಗೆ ತಿಳಿಹೇಳಿ, ಸಂಗನಬಸಪ್ಪ ಹೆಂಡತಿಯನ್ನು ಅಲ್ಲಿ ಕೂರಿಸಿದ. ನಲವತ್ಮೂರನೆಯ ವಯಸ್ಸಿನಲ್ಲಿ ಅವಳಿಗೆ ಗಾಲಿಯ ಕುರ್ಚಿಯೊಂದು ಸಿಕ್ಕಿತು. ಮೊದಲ ದಿನ ಯಾರೂ ಇಲ್ಲದಾಗ ಅದರಲ್ಲಿ ಒಂದು ಸುತ್ತು ತಿರುಗಿದ್ದಳು. ಮನೆಗೆ ಹೋಗಿ ರೊಟ್ಟಿ ಬಡಿಯುವಾಗಲೂ ಬೆನ್ನು ನೆಟ್ಟಗೇ ಇತ್ತು.

ಅವಳ ಮುಂದಿನ ಹಲಗೆಯ ಮೇಲೆ ಆರು ಓಣಿಗಳಿಗೆ ಆರು ಕೆಂಪು ಗುಂಡಿಗಳು. ಒತ್ತಿದರೆ ಆ ಓಣಿಯ ಕರೆಂಟು ಹೋಗಿ, ತೇಲುವ ದಿಮ್ಮಿ ಇದ್ದಲ್ಲೇ ನೆಲಕ್ಕೆ ಕೂರುತ್ತದೆ. ಕಾರ್ಖಾನೆಯವರೆಲ್ಲ ಅದನ್ನು 'ಕೂರಿಸೋದು' ಎನ್ನುತ್ತಿದ್ದರು. ಎರಡೇ ಬೆರಳಿನ ಎತ್ತರ. ಆದರೆ ಹನ್ನೆರಡು ಟನ್ನು ಎರಡು ಬೆರಳಿನಿಂದ ಬಿದ್ದರೂ ಬಿದ್ದದ್ದೇ. ಕಲ್ಲಿನೊಳಗೆ ಎಲ್ಲಾದರೂ ಕಣ್ಣಿಗೆ ಕಾಣದ ಗೀರಿದ್ದರೆ ಅಲ್ಲಿಗೆ ಸೀಳುತ್ತದೆ.

ಮೊದಲ ತಿಂಗಳಲ್ಲೇ ಅವಳು ಒಮ್ಮೆ ಕೂರಿಸಿದ್ದಳು. ಐದನೆಯ ಓಣಿಯಲ್ಲಿ ಕಸಗುಡಿಸುವವಳ ಸೆರಗು ದಿಮ್ಮಿಯ ಮೂಲೆಗೆ ಸಿಕ್ಕಂತೆ ಕಂಡಿತು, ಒತ್ತಿಬಿಟ್ಟಳು. ಸೆರಗು ಸಿಕ್ಕಿರಲಿಲ್ಲ. ಕಲ್ಲು ಉದ್ದಕ್ಕೆ ಎರಡಾಯಿತು. ಮಾಲೀಕರು ಬಂದು ಸೀಳಿದ ಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೆಂಗಸರ ಎದುರಿಗೇ ಸಂಗನಬಸಪ್ಪನ ಹೆಗಲ ಮೇಲೆ ಕೈಯಿಟ್ಟು, ಮನೆಯಾಗಿನ ಒಲಿ ಬ್ಯಾರೆ, ಇದು ಬ್ಯಾರೆ ಅಂತ ತಂಗಿಗೆ ಸ್ವಲ್ಪ ತಿಳಿಸಿ ಹೇಳಪ್ಪಾ ಎಂದು ನಗುತ್ತ ಹೋದರು.

ಅವನು ತಿಳಿಸಿ ಹೇಳಲಿಲ್ಲ. ಏನೂ ಹೇಳಲಿಲ್ಲ. ಹನ್ನೊಂದು ದಿನ ಮನೆಯಲ್ಲಿ ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಎದ್ದು ತಾನೇ ಹಾಕಿಕೊಳ್ಳುತ್ತಿದ್ದ. ಕೈ ಎತ್ತುವ ಗಂಡಸಲ್ಲ. ಹಾಗೆಂದು ನೆರೆಯವರೆಲ್ಲ ಅವಳ ಅದೃಷ್ಟವನ್ನು ಹೊಗಳುವುದೂ ಉಂಟು. ಐದನೆಯ ದಿನ ಅವಳು ತಾನಾಗಿ ಹೋಗಿ, ಇನ್ನು ಮುಂದೆ ನಿಮ್ಮನ್ನ ಕೇಳದ ಒತ್ತೂದಿಲ್ರೀ ಎಂದಳು. ಅದಾದ ಮೇಲೂ ಆರು ದಿನ ಸುಮ್ಮನಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ, ಚಹಾಕ್ಕ ಇವತ್ತ ಶುಂಠಿ ಹಾಕೀಯೇನು ಎಂದು ಕೇಳಿದ. ಅವಳಿಗೆ ಅಳು ಬಂತು. ಶುಂಠಿ ಹಾಕಿದ್ದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಹಲಗೆಯ ಪಕ್ಕದಲ್ಲಿ ಒಳಗಿನ ಫೋನು. ಎತ್ತಬೇಕು, 'ಕೂರಿಸ್ಲಾ?' ಎನ್ನಬೇಕು, ಅವನು 'ಹ್ಞೂಂ' ಎನ್ನಬೇಕು, ಆಮೇಲೆ ಒತ್ತಬೇಕು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ ಇದು. ಬರೆದಿದ್ದರೆ ಎಷ್ಟೋ ಚೆನ್ನಾಗಿತ್ತು, ಯಾರಾದರೂ ಓದಿ ತಪ್ಪೆನ್ನಬಹುದಿತ್ತು.

ತೇಲುನೆಲದ ಕಂಪನಿಯವರಿಂದ ಕಾಗದ ಬಂತು. ಓಣಿಯಲ್ಲಿ ಕೆಲಸ ಮಾಡುವವರಿಗೆಲ್ಲ ಜಡತ್ವದ ನಿಯಮ ಗೊತ್ತಿರಬೇಕು, ಗೊತ್ತಿದೆಯೆಂದು ಒಬ್ಬೊಬ್ಬರೂ ಕ್ಯಾಮೆರಾದ ಮುಂದೆ ಹೇಳಬೇಕು, ಆ ವಿಡಿಯೊ ಚಿತ್ರ ಕಳಿಸಬೇಕು. ಹೇಗೂ ಟೀಚರ್ ಆಗಿದ್ದವಳಲ್ಲ ಎಂದು ಸಂಗನಬಸಪ್ಪ ಹೆಂಡತಿಗೇ ಹೇಳಿದ.

ಮಹಾನಂದಾಳಿಗೆ ಬಹಳ ವರ್ಷದ ಮೇಲೆ ಪಾಠ ಮಾಡುವ ಆಸೆ ಹುಟ್ಟಿತು. ಆರನೆಯ ಓಣಿಯನ್ನು ಅರ್ಧ ದಿನ ಬಿಟ್ಟುಕೊಡಿ, ಒಂದು ಸಣ್ಣ ದಿಮ್ಮಿ ತೇಲಿಸಿ ಅವರ ಕೈಯಲ್ಲೇ ದೂಡಿಸುತ್ತೇನೆ, ಅವರೇ ತಡೆಯಲು ನೋಡಲಿ, ಎರಡು ಸಲ ತಳ್ಳಿಸಿಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಕೇಳಿದಳು. ಅವನು ಉಣ್ಣುತ್ತಿದ್ದ. ಅರ್ಧ ದಿನ ಓಣಿ ನಿಂತರೆ ಮಾಲೀಕರಿಗೆ ಏನು ಹೇಳಲಿ, ಕ್ಯಾಂಟೀನಿನಲ್ಲಿ ಚಿತ್ರ ತೋರಿಸಿ ಹೇಳು ಸಾಕು ಎಂದ. ಅವಳು ಇನ್ನೊಮ್ಮೆ ಕೇಳಲಿಲ್ಲ.

ಹೀಗಾಗಿ ಕ್ಯಾಂಟೀನಿನ ಬೆಂಚುಗಳ ಮೇಲೆ ಇಪ್ಪತ್ತೆರಡು ಹೆಂಗಸರು, ಎದುರಿಗೆ ಗೋಡೆಯ ಮೇಲೆ ಪರದೆ. ಪಾಠ ಶುರುವಾದ ಗಳಿಗೆಯಿಂದ ಅವಳು ಅವರ ಪಾಲಿಗೆ ಮ್ಯಾನೇಜರರ ಮನೆಯವರಲ್ಲ, ಅಕ್ಕೋರು. ಆ ಕಡೆ ಸಾಲೆಯ ಟೀಚರಮ್ಮನನ್ನು ಹಾಗೇ ಕರೆಯುವುದು. ಅವಳು ಓದಿ ಹೇಳಿದಳು:

"ಹೊರಗಿನ ಬಲವೊಂದು ವರ್ತಿಸದ ಹೊರತು, ನಿಶ್ಚಲವಾಗಿರುವ ವಸ್ತು ನಿಶ್ಚಲವಾಗಿಯೇ ಇರುತ್ತದೆ, ಚಲಿಸುತ್ತಿರುವ ವಸ್ತು ಅದೇ ವೇಗದಲ್ಲಿ ಸರಳರೇಖೆಯಲ್ಲಿ ಚಲಿಸುತ್ತಲೇ ಇರುತ್ತದೆ."

ಹೊರಗಿನ ಬಲ ಅಂದರೆ ಗುತ್ತಿಗೆದಾರನೇನ್ರೀ ಎಂದು ಹಿಂದಿನ ಬೆಂಚಿನವಳು ಕೇಳಿದಳು. ಎಲ್ಲರೂ ನಕ್ಕರು. ಮಹಾನಂದಾ ಚೆಂಡಿನ ಉದಾಹರಣೆ ಕೊಟ್ಟಳು, ಬಸ್ಸಿನ ಉದಾಹರಣೆ ಕೊಟ್ಟಳು. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುವುದು ಇದರಿಂದಲೇ ಎಂದಾಗ, ಮುಗ್ಗರಿಸೂದು ಡ್ರೈವರ್ ಕುಡದಿರ್ತಾನ ಅಂತ್ರೀ ಎಂದು ಅದೇ ಹಿಂದಿನ ಬೆಂಚು ತಿದ್ದಿತು. ಅವಳೂ ನಕ್ಕಳು. ಅರ್ಥವಾಗಿಲ್ಲ ಎಂದು ಅವಳಿಗೆ ಗೊತ್ತಾಯಿತು. ಹೊರಗೆ ಊಟದ ಗಂಟೆ ಹೊಡೆಯುವುದರಲ್ಲಿತ್ತು, ಅದಕ್ಕೆ ಮುಂಚೆ ಇಪ್ಪತ್ತೆರಡು ಜನರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಬೇಕಿತ್ತು. ಅರ್ಥ ಆಮೇಲಾದರಾಯಿತು, ಮೊದಲು ಬಾಯಿಪಾಠವಾಗಲಿ ಎಂದಳು.

ಎಲ್ಲರಿಗಿಂತ ಚೆನ್ನಾಗಿ ಹೇಳಿದವಳು ಹುಲಿಗೆವ್ವ. ಐವತ್ತರ ಹತ್ತಿರದವಳು, ಒಂಬತ್ತು ವರ್ಷದವಳಿದ್ದಾಗಲೇ ಅವ್ವನ ಬೆನ್ನು ಹತ್ತಿ ಕಲ್ಲಿಗೆ ಬಂದವಳು. ಅಕ್ಷರ ಗೊತ್ತಿಲ್ಲ, ಆದರೆ ತೊಟ್ಟಿಲಿಗೆ, ಮದುವೆಯ ಅರಿಷಿಣಕ್ಕೆ ಹಾಡು ಬೇಕೆಂದರೆ ಕೇರಿಯೆಲ್ಲ ಅವಳನ್ನೇ ಕರೆಯುವುದು. ಒಮ್ಮೆ ಕೇಳಿದ್ದು ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಉಳಿದವರು ನಿಶ್ಚಲದಲ್ಲೇ ಎಡವಿ ನಗುತ್ತಿರುವಾಗ, ಅವಳು ಎರಡೂ ಕೈ ಜೋಡಿಸಿ, ಕಣ್ಣು ಅರೆಮುಚ್ಚಿ, ಒಂದೇ ಉಸಿರಿಗೆ, ದೇವರ ಮುಂದೆ ಹೇಳುವ ಹಾಗೆ ಹೇಳಿ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ತಪ್ಪಿತೇನ್ರೀ ಅಕ್ಕೋರ?" ಎಂದು ಕೇಳಿದಳು.

"ಒಂದು ಅಕ್ಷರ ತಪ್ಪಲಿಲ್ಲ" ಎಂದಳು ಮಹಾನಂದಾ.

ಅಂದು ಸಂಜೆ ಸಂಗನಬಸಪ್ಪ ಖುಷಿಯಲ್ಲಿದ್ದ. ಮಾಲೀಕರು ಚಿತ್ರ ನೋಡಿದರಂತೆ, ನಿನ್ನ ಹೆಂಡತಿ ಕಲ್ಲಿನ ಬಾಯಲ್ಲೂ ಮಾತು ಆಡಿಸುತ್ತಾಳೆ ಎಂದರಂತೆ. ಬರುವಾಗ ಅರ್ಧ ಕೇಜಿ ಕರದಂಟು ತಂದಿದ್ದ. ಅವಳು ತಿಂದಳು. ಏನೋ ಬಿಟ್ಟುಹೋಗಿದೆ ಎಂದು ಹೇಳಬೇಕೆನ್ನಿಸಿದರೂ, ಅವನು ಮಾತಾಡುತ್ತಿದ್ದ ಹೊತ್ತನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಬಿಟ್ಟುಹೋಗಿದ್ದು ಏನೆಂದರೆ, ಆ ಹೆಂಗಸರ ಕೈಗೆ ಬೇರೆಯೇ ಒಂದು ವಿಜ್ಞಾನ ಗೊತ್ತಿತ್ತು. ನಾಲ್ಕು ತಲೆಮಾರಿನಿಂದ ಅವರು ಕಲ್ಲನ್ನು ಉರುಳೆಯ ಮೇಲೆ, ಗರಸಿನ ಮೇಲೆ, ಕೆಸರಿನ ಮೇಲೆ ದೂಡಿದವರು. ದೂಡಿದರೆ ಕಲ್ಲು ಹೋಗುತ್ತದೆ, ದೂಡುವುದು ಬಿಟ್ಟರೆ ನಿಲ್ಲುತ್ತದೆ. ಇದಕ್ಕಿಂತ ನಿಜವಾದದ್ದನ್ನು ಅವರು ಕಂಡೇ ಇರಲಿಲ್ಲ. ಆ ನಿಜದ ಮೇಲೆ ಒಂದು ಪದ್ಧತಿಯೂ ನಿಂತಿತ್ತು. ದಾರಿಯಲ್ಲಿ ಕಲ್ಲಿನ ಚಿಕ್ಕ ಚಕ್ಕೆ ಬಿದ್ದಿದ್ದರೂ ಉರುಳೆ ಸಿಕ್ಕಿಕೊಂಡು ಕಲ್ಲು ವಾಲುತ್ತದೆ, ಆದ್ದರಿಂದ ಚಕ್ಕೆ ಕಂಡವಳು ದೂಡುವುದು ಬಿಟ್ಟು ಮುಂದೆ ಬಂದು, ಕಲ್ಲಿಗೆ ಬೆನ್ನು ಮಾಡಿ ಬಗ್ಗಿ, ಅದನ್ನು ಆರಿಸಿ ಒಗೆದು ಹೋಗಬೇಕು. ಚಕ್ಕೆ ಕಂಡೂ ಆರಿಸದವಳಿಗೆ ಹಿರಿಯರು ಬೈಯುತ್ತಿದ್ದರು. ಹುಲಿಗೆವ್ವ ಹಾಗೆ ಬೈಸಿಕೊಂಡು ಬೆಳೆದವಳು, ಈಗ ಬೈಯುವವಳು.

ಆ ದಿನ ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರು. ಮೂರನೆಯ ಓಣಿಯಲ್ಲಿ ಹುಲಿಗೆವ್ವ ಮತ್ತು ಜೊತೆಯ ಹೆಂಗಸು ದಿಮ್ಮಿಯೊಂದನ್ನು ಗರಗಸದ ಕಡೆ ದೂಡುತ್ತಿದ್ದರು. ಓಣಿಯ ಕೊನೆಗೆ ರಬ್ಬರು ಹೊದಿಸಿದ ಎರಡು ತಡೆಕಂಬಗಳಿದ್ದವು. ದಿಮ್ಮಿ ಬಂದು ಅವಕ್ಕೆ ಒರಗಿ ನಿಲ್ಲಬೇಕು. ಜೊತೆಯವಳು ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಹಿಂದುಳಿದಳು. ಹುಲಿಗೆವ್ವ ಕಂಬದ ಬುಡದಲ್ಲಿ ಏನೋ ಕಂಡಳು. ದೂಡುವುದು ಬಿಟ್ಟಳು. ದಿಮ್ಮಿಯ ಪಕ್ಕದಿಂದ ಬೇಗ ಬೇಗ ನಡೆದು ಮುಂದೆ ಬಂದಳು, ಕಲ್ಲಿಗೆ ಬೆನ್ನು ಹಾಕಿದಳು, ಬಗ್ಗಿದಳು. ಬೊಟ್ಟಿನಷ್ಟು ಚಕ್ಕೆ. ತೇಲುವ ಕಲ್ಲಿಗೆ ಅದರಿಂದ ಆಗುವಂಥದ್ದು ಏನೂ ಇರಲಿಲ್ಲ.

ಕಲ್ಲು ಬರುತ್ತಲೇ ಇತ್ತು. ಹೊತ್ತು ಕಳೆಯಲು ಅಡ್ಡಾಡುವವರ ನಡಿಗೆಯಷ್ಟೂ ಇಲ್ಲದ ವೇಗ. ಅಷ್ಟು ಮೆಲ್ಲಗೆ ಬರುವುದನ್ನು ಯಾರೂ ಅಪಾಯ ಎನ್ನುವುದಿಲ್ಲ. ಸದ್ದೂ ಇಲ್ಲ.

ಮಹಾನಂದಾ ನೋಡಿದಳು. ಮೈಕಿನಲ್ಲಿ ಹುಲಿಗೆವ್ವಾ ಎಂದು ಕೂಗಿದಳು. ಕೆಳಗೆ ನಾಲ್ಕು ಗರಗಸಗಳು ಕಲ್ಲು ಕೊಯ್ಯುತ್ತಿದ್ದವು, ಅವಳ ದನಿ ಅವಳ ಕೋಣೆಯಿಂದ ಹೊರಗೆ ಹೋದಂತೆ ಕಾಣಲಿಲ್ಲ. ಬಲಗೈ ಆಗಲೇ ಮೂರನೆಯ ಗುಂಡಿಯ ಮೇಲಿತ್ತು. ಗುಂಡಿಯ ತಣ್ಣಗಿನ ದುಂಡು ಅಂಗೈಗೆ ತಾಗುತ್ತಿತ್ತು. ಎಡಗೈ ಫೋನು ಎತ್ತಿತು.

"ಮೂರನೇದು ಕೂರಿಸ್ಲಾ?"

ಅವನು ಬೇರೆ ಯಾರೊಂದಿಗೋ ಮಾತಾಡುತ್ತಿದ್ದ. "ಒಂದ್ನಿಮಿಷ ತಡಿ" ಎಂದ. ಯಾರಿಗೋ ಲಾರಿಯ ನಂಬರು ಹೇಳಿದ. ಎರಡು ಸಲ ಹೇಳಿದ. ಆಮೇಲೆ, "ಏನಂದಿ?"

"ಕೂರಿಸ್ಲಾ ರೀ?"

"ಯಾಕ? ಹ್ಞೂಂ, ಕೂರಿಸು."

ಒತ್ತಿದಳು. ಕಲ್ಲು ಕೂತಿತು. ಕೂರುವ ಹೊತ್ತಿಗೆ ಹುಲಿಗೆವ್ವಳ ಎಡಗಾಲು ಕಲ್ಲಿಗೂ ಕಂಬಕ್ಕೂ ನಡುವೆ ಇತ್ತು.

ಕಲ್ಲು ಸೀಳಲಿಲ್ಲ. ಒಂದು ಗೀರೂ ಬೀಳಲಿಲ್ಲ ಎಂದು ಮಾಲೀಕರು ಆಮೇಲೆ ಬಹಳ ಜನರಿಗೆ ಹೇಳಿದರು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಖರ್ಚನ್ನೆಲ್ಲ ಕಾರ್ಖಾನೆಯೇ ನೋಡಿಕೊಂಡಿತು, ಆ ಮಾತಿಗೆ ಯಾರೂ ಕೊರತೆ ಹೇಳುವಂತಿರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ವಿಮೆಯ ಕಡೆಯಿಂದ ತನಿಖೆ ಬರುತ್ತದೆ. ತಪ್ಪು ಯಂತ್ರದ್ದೋ ನಡೆಸುವವರದ್ದೋ ಎಂದಾದರೆ ಹುಲಿಗೆವ್ವಳಿಗೆ ಕಾರ್ಖಾನೆಯಲ್ಲೇ ಕೂತು ಮಾಡುವ ಕೆಲಸ ಕೊಡಬೇಕು, ಕೊಯ್ದ ಕಲ್ಲಿನ ಹಲಗೆಗಳಿಗೆ ಚೀಟಿ ಹಚ್ಚುವ ಕಡೆ. ತಪ್ಪು ಅವಳದ್ದೇ ಎಂದಾದರೆ ಗೇಟು ಮುಚ್ಚಿತು. ನೋಡಲು ಹೋದ ಮಹಾನಂದಾಳಿಗೆ ಹುಲಿಗೆವ್ವ ಹೇಳಿದ್ದು ಅದೊಂದನ್ನೇ. "ಕಾಲು ಹೋದ್ರ ಹೋತ್ರೀ ಅಕ್ಕೋರ. ಒಳಗ ಬಿಡ್ತಾರಲ್ಲ? ಕಲ್ಲಿನ ಸಪ್ಪಳ ಇಲ್ದ ಮನ್ಯಾಗ ನನಗ ಕುಂದ್ರಾಕ ಆಗಂಗಿಲ್ಲ. ಕಿವಿ ಗುಂಯ್ ಅಂತೈತಿ."

ಬಿಡುತ್ತಾರೆ ಎಂದು ಮಹಾನಂದಾ ಹೇಳಿ ಬಂದಳು.

ತನಿಖೆಯ ಹಿಂದಿನ ದಿನ ಸಂಜೆ, ಅವಳು ಹಿಟ್ಟು ನಾದುತ್ತಿದ್ದಾಗ ಸಂಗನಬಸಪ್ಪ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತ. ಅವನು ಅಡುಗೆಮನೆಗೆ ಬರುವವನಲ್ಲ.

"ನಾಳೆ ಏನ್ ಹೇಳ್ತಿ?"

"ಆದದ್ದು."

"ಆದದ್ದು ಅಂದ್ರ?"

ಅವಳು ಹಿಟ್ಟಿನ ಮೇಲಿಂದ ಕಣ್ಣೆತ್ತಲಿಲ್ಲ. "ನಾ ಕೇಳಿದೆ. ನೀವು ತಡಿ ಅಂದ್ರಿ. ಏಳು ಸೆಕೆಂಡ್ ಆತು."

"ಏಳು ಎಲ್ಲಿಂದ ಬಂತು? ಎರಡಾಗಿರಬೇಕು. ನೀ ಎಣಿಸಿದ್ದೇನು?"

"ಕಲ್ಲು ಎಣಿಸೇತ್ರೀ. ನಾ ಕೇಳಿದಾಗ ಅಕಿಯಿಂದ ಮೂರೂವರೆ ಮೀಟರ್ ದೂರ ಇತ್ತು. ಸೆಕೆಂಡಿಗೆ ಅರ್ಧ ಮೀಟರ್ ಬರೂದು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಸುಮ್ಮನಿರುವಿಕೆ ಅವಳ ಮೈಗೆ ಗೊತ್ತಿತ್ತು. ನಾದುವ ಕೈ ತಾನಾಗಿ ನಿಧಾನವಾಯಿತು. ಆಮೇಲೆ ಅವನು ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ:

"ನಂದಾ, ನಾ ನಿನ್ನ ಕೈ ಹಿಡಿದಿದ್ನೇನು? ಗುಂಡಿ ನಿನ್ನ ಮುಂದಿತ್ತು. ಕೈ ಅದರ ಮ್ಯಾಲಿತ್ತು. ಕೈ ನಿಂದ. ನಾ ತಡಿ ಅಂದ್ರ ನೀ ಯಾಕ ತಡದಿ?"

ಅವಳು ಹಿಟ್ಟು ಮೆತ್ತಿದ ಬಲಗೈ ನೋಡಿಕೊಂಡಳು. ಒಬ್ಬ ಹೆಣ್ಣುಮಗಳು ಎದುರಿಗೇ ಸಿಕ್ಕಿಕೊಳ್ಳುವುದನ್ನು ನೋಡುತ್ತ, ಕೈ ಗುಂಡಿಯ ಮೇಲಿದ್ದೂ, ಒಂದು ಅಂಗುಲ ಕೆಳಗೆ ಹೋಗದಂತೆ ತಡೆದದ್ದು ಏನು? ತಾನು ಮಕ್ಕಳಿಗೆ ಕಲಿಸಿದ್ದಳು: ಬಲ ಇಲ್ಲದೆ ಏನೂ ಹೊರಡುವುದಿಲ್ಲ, ಬಲ ಇಲ್ಲದೆ ಏನೂ ನಿಲ್ಲುವುದಿಲ್ಲ, ಮುಟ್ಟಿ ತಳ್ಳುವ ಬಲ ಉಂಟು, ಮುಟ್ಟದೆ ದೂರದಿಂದಲೇ ಹಿಡಿಯುವ ಬಲವೂ ಉಂಟು. ಆ ಕೈಯ ಮೇಲೆ ಯಾರ ಕೈಯೂ ಇರಲಿಲ್ಲ. ಹನ್ನೊಂದು ದಿನದ ಮೌನವನ್ನು ತೂಗುವ ತಕ್ಕಡಿ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಷ್ಟಕ್ಕೇ ಏನಮ್ಮಾ, ಮಾತು ಬಿಟ್ಟಿದ್ದಕ್ಕೇ?

ಅವನು ಹೊರಗೆ ಹೋಗುವ ಮುನ್ನ, ಆ ಫೋನಿನ ಮಾತು ಎಲ್ಲೂ ದಾಖಲಾಗುವುದಿಲ್ಲ, ಅದು ಒಳಗಿನ ಲೈನು ಎಂದು ನೆನಪಿಸಿದ. ಕ್ಯಾಮೆರಾ ಓಣಿಯನ್ನು ನೋಡುತ್ತದೆ, ಗಾಜಿನ ಕೋಣೆಯನ್ನಲ್ಲ ಎಂದೂ ಹೇಳಿದ. ನೀನು ಬಾಯಿಬಿಟ್ಟರೆ ಮೊದಲು ಹೋಗುವುದು ನಿನ್ನ ಕುರ್ಚಿ, ಆಮೇಲೆ ನನ್ನದು. ಹುಲಿಗೆವ್ವಳ ಕಾಲು ಅದರಿಂದ ಬರುವುದಿಲ್ಲ. ಇದನ್ನು ಅವನು ಬೆದರಿಸುವಂತೆ ಹೇಳಲಿಲ್ಲ. ಅಂಜಿದವನಂತೆ ಹೇಳಿದ. ಅದೇ ಅವಳನ್ನು ಹೆಚ್ಚು ಕಟ್ಟಿಹಾಕಿತು. ಆದರೂ ರಾತ್ರಿ ಮಲಗುವಾಗ ಅವಳು ನಿರ್ಧಾರ ಮಾಡಿಯೇ ಮಲಗಿದಳು: ಹೇಳುತ್ತೇನೆ.

ತನಿಖೆಗೆ ಬಂದವರ ಹೆಸರು ಶ್ರೀಕಂಠಯ್ಯ. ಬೆಂಗಳೂರಿನ ಕಡೆಯವರು, ಸಣ್ಣ ದನಿ, ಯಾರನ್ನೂ ನೋಯಿಸದ ಮಾತು. ಕ್ಯಾಂಟೀನಿನಲ್ಲೇ ಮೇಜು ಹಾಕಿದ್ದರು. ಮಾಲೀಕರು ಒಂದು ಕಡೆ, ಪಕ್ಕದಲ್ಲಿ ಸಂಗನಬಸಪ್ಪ, ಇನ್ನೊಂದು ಕಡೆ ಮಹಾನಂದಾ. ಹುಲಿಗೆವ್ವ ಕಂಕುಳಿಗೆ ಕೋಲು ಕೊಟ್ಟುಕೊಂಡು ಬಂದಳು. ತೊಳೆದ ಹಸಿರು ಸೀರೆ, ಎಣ್ಣೆ ಹಚ್ಚಿದ ತಲೆ, ಹಣೆಯ ತುಂಬ ಕುಂಕುಮ. ಮದುವೆಗೆ ಹಾಡಲು ಬಂದವಳ ಹಾಗಿದ್ದಳು. ಕೂರಮ್ಮಾ ಎಂದರೂ ಸಾಹೇಬರ ಮುಂದೆ ಕೂರಲಿಲ್ಲ, ಕೋಲಿನ ಮೇಲೆ ನಿಂತೇ ಇದ್ದಳು.

ಶ್ರೀಕಂಠಯ್ಯ ಓಣಿಯ ಕ್ಯಾಮೆರಾದ ಚಿತ್ರ ನೋಡಿದರು. ಅವಳು ದೂಡುವುದು ಬಿಟ್ಟದ್ದು, ಮುಂದೆ ಬಂದದ್ದು, ಬೆನ್ನು ಹಾಕಿದ್ದು. ಯಾಕಮ್ಮ ಹಾಗೆ ಮಾಡಿದಿರಿ ಎಂದು ಕೇಳಿದರು. ಚಕ್ಕಿ ಇತ್ರೀ ಎಂದಳು. ಅದಕ್ಕಿಂತ ಹೆಚ್ಚಿನ ಕಾರಣ ಬೇಕಾಗುತ್ತದೆಂದು ಅವಳಿಗೆ ತೋಚಲಿಲ್ಲ.

"ಕೆಲಸಕ್ಕೆ ಮುಂಚೆ ನಿಮಗೆ ಏನಾದ್ರೂ ಹೇಳಿಕೊಟ್ಟಿದ್ರಾ?"

"ಕೊಟ್ಟಿದ್ರಲ್ರೀ. ಅಕ್ಕೋರು ಭಾಳ ಚಲೋ ಹೇಳಿಕೊಟ್ಟಿದ್ರು."

"ಜ್ಞಾಪಕ ಇದೆಯಾ? ಹೇಳಿ ನೋಡೋಣ."

ಮಹಾನಂದಾ ಬೇಡ ಎನ್ನುವಷ್ಟರಲ್ಲಿ ಹುಲಿಗೆವ್ವ ಅವಳ ಕಡೆ ನೋಡಿ ಸಣ್ಣಗೆ ನಕ್ಕಳು. ಹೆದರಬೇಡಿ, ನಿಮ್ಮ ಮರ್ಯಾದೆ ಕಳೆಯುವುದಿಲ್ಲ ಎನ್ನುವ ನಗು. ಕೋಲನ್ನು ಕಂಕುಳಲ್ಲಿ ಗಟ್ಟಿ ಮಾಡಿಕೊಂಡು ಎರಡೂ ಕೈ ಜೋಡಿಸಿದಳು. ಹೊರಗಿನ ಬಲವೊಂದು ವರ್ತಿಸದ ಹೊರತು ಎಂಬಲ್ಲಿಂದ ಚಲಿಸುತ್ತಲೇ ಇರುತ್ತದೆ ಎಂಬಲ್ಲಿಯವರೆಗೆ, ಒಂದೇ ಉಸಿರಿಗೆ, ಎಲ್ಲೂ ತೊದಲದೆ ಹೇಳಿದಳು. ಇದು ಪರೀಕ್ಷೆ, ಪಾಸಾದರೆ ಒಳಗೆ ಬಿಡುತ್ತಾರೆ ಎಂದು ಅವಳು ತಿಳಿದಿದ್ದಳು.

ಶ್ರೀಕಂಠಯ್ಯ ಮೆಚ್ಚಿಕೊಂಡರು. ನಮ್ಮ ಮನೆಯ ಹುಡುಗರಿಗೂ ಇಷ್ಟು ಸ್ಪಷ್ಟವಾಗಿ ಬರುವುದಿಲ್ಲ ಎಂದರು. ಅದನ್ನೇ ಬರೆದುಕೊಂಡರು. ಬರೆಯುವಾಗ ಅವರ ಮುಖದಲ್ಲಿ ನಿಜವಾದ ಬೇಸರವಿತ್ತು.

"ಮೇಡಂ, ನೀವು ಏನಾದ್ರೂ ಹೇಳೋದಿದೆಯಾ?"

ಮಹಾನಂದಾ ಎದ್ದು ನಿಂತಳು. ಗಂಡ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದ. ಅವಳ ಗಂಟಲಲ್ಲಿ ಏಳು ಸೆಕೆಂಡು ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಅವರಿಗೆ ಆ ವಾಕ್ಯ ಬರುತ್ತೆ ಸರ್, ಅರ್ಥ ಬರಲ್ಲ. ನಾನು ಬಾಯಿಪಾಠ ಮಾಡಿಸಿದೆ. ಕಲ್ಲು ಮುಟ್ಟಿಸಿ ಕಲಿಸಬೇಕಾಗಿತ್ತು. ಅದು ನನ್ನ ತಪ್ಪು."

"ವಾಕ್ಯದಲ್ಲಿ ಏನಾದ್ರೂ ತಪ್ಪಿದೆಯಾ?"

"ಇಲ್ಲ."

"ಅವರು ಹೇಳಿದ್ರಲ್ಲಿ?"

"ಇಲ್ಲ."

"ಅರ್ಥ ಆಗಲಿಲ್ಲ ಅಂತ ಅವತ್ತು ನೀವು ಬರೆದು ಕೊಟ್ಟಿದ್ರಾ?"

"ಇಲ್ಲ ಸರ್."

"ಬೇರೆ ಏನಾದ್ರೂ?"

ಸಣ್ಣ ತಪ್ಪೊಂದನ್ನು ಒಪ್ಪಿಕೊಂಡ ಮೇಲೆ ದೊಡ್ಡದನ್ನು ಬಚ್ಚಿಡುವುದು ಎಷ್ಟು ಸುಲಭವೆಂದು ಅವಳಿಗೆ ಆಗ ಗೊತ್ತಾಯಿತು. ಎಲ್ಲರೂ ಅವಳನ್ನು ಪ್ರಾಮಾಣಿಕಳೆಂದು ನೋಡುತ್ತಿದ್ದರು. ಮಾಲೀಕರು ಕೂಡ ತಲೆದೂಗಿದರು.

"ಬೇರೆ ಏನಿಲ್ಲ" ಎಂದು ಕೂತಳು.

ನಿಯಮದ ಪೂರ್ಣ ತಿಳುವಳಿಕೆ ಇದ್ದೂ ಅಜಾಗರೂಕತೆ ತೋರಿದ್ದಾರೆ ಎಂದು ಬರೆದು, ಹುಲಿಗೆವ್ವಳಿಗೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಪೂರ್ಣ ತಿಳುವಳಿಕೆ ಎಂಬ ಮಾತು ಬಂದಾಗ ಅವಳು ತಲೆಯಾಡಿಸಿದಳು. ಇನ್ನು ಒಳಗೆ ಬರುವಂತಿಲ್ಲ ಎಂಬುದನ್ನು ಕಡೆಗೆ ಗೇಟಿನವನೇ ಅವಳಿಗೆ ಬಿಡಿಸಿ ಹೇಳಿದ.

ಮಹಾನಂದಾ ಗೇಟಿನ ಹತ್ತಿರ ಹೋದಾಗ ಹುಲಿಗೆವ್ವ ಬೇವಿನ ನೆರಳಿನಲ್ಲಿ ಆಟೋಗೆ ಕಾಯುತ್ತಿದ್ದಳು. ಬಿಸಿಲು ಸುಡುತ್ತಿತ್ತು. ಒಳಗೆ ಗರಗಸಗಳು ಕೊಯ್ಯುತ್ತಿದ್ದವು. ಅವಳು ತಲೆಯನ್ನು ಒಂದಿಷ್ಟು ಆ ಕಡೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಮಹಾನಂದಾ ಪಕ್ಕದಲ್ಲಿ ನಿಂತಳು. ಮಾತು ಶುರು ಮಾಡಿದ್ದು ಹುಲಿಗೆವ್ವಳೇ.

"ಅಕ್ಕೋರ, ಒಂದು ಕೇಳ್ಲೇನ್ರೀ? ಸಿಟ್ಟಾಗಬ್ಯಾಡ್ರಿ ಮತ್ತ."

"ಕೇಳವ್ವಾ."

"ಬೆನ್ನಿಗೆ ಕಲ್ಲು ತಾಗಿದಾಗ ನಾ ಮ್ಯಾಲ ನೋಡಿದ್ನಿರಿ. ಗಾಜಿನ್ಯಾಗ ನೀವು ಕಾಣ್ತಿದ್ರಿ. ಒಂದು ಕೈ ಗುಂಡಿ ಮ್ಯಾಲ ಇತ್ತು, ಒಂದು ಕೈ ಕಿವಿಗಿ ಇತ್ತು." ಅವಳು ಕೋಲನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದಳು. "ಒತ್ತಾಕ ಯಾಕ್ರೀ ಅಷ್ಟೊತ್ತು ಆತು?"

ಮಹಾನಂದಾ ಗೇಟಿನವನ ಕಡೆ ಒಮ್ಮೆ ನೋಡಿದಳು. ಇದನ್ನು ಒಳಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನಿಮ್ಮ ಮನಿಯವ್ರು ಅಲ್ಲೇ ಕುಂತಿದ್ರಲ್ರೀ" ಎಂದಳು ಹುಲಿಗೆವ್ವ. "ನಾ ಅಂದು ಹೋಗಿಬಿಡಾಕಿ. ಆಮ್ಯಾಲ ಮನ್ಯಾಗ ಇರಾಕಿ ನೀವು."

ಆಟೋ ದೂರದಲ್ಲಿ ದೂಳೆಬ್ಬಿಸುತ್ತ ಬರುತ್ತಿತ್ತು. ಮಹಾನಂದಾ ಬೇವಿನ ಬೊಡ್ಡೆಗೆ ಕೈ ಊರಿದಳು. ಇಷ್ಟು ದಿನ ಯಾರಿಗೂ ಹೇಳದ್ದನ್ನು, ಹೇಳಿದರೆ ನಗುತ್ತಾರೆ ಎಂದುಕೊಂಡದ್ದನ್ನು ಹೇಳಿದಳು.

"ಅವರನ್ನ ಕೇಳಬೇಕಾಗಿತ್ತು ಹುಲಿಗೆವ್ವಾ. ಕೇಳಿದೆ. ಅವರು ಹ್ಞೂಂ ಅನ್ನೂತನಕ ತಡದೆ."

ಈಗ ಬೈಯುತ್ತಾಳೆ ಎಂದುಕೊಂಡಳು. ಉಗಿದರೂ ಉಗಿಯಲಿ, ಕೋಲಿನಿಂದ ಹೊಡೆದರೂ ಹೊಡೆಯಲಿ, ಗೇಟಿನವನಿಗೆಲ್ಲ ಕೇಳುವ ಹಾಗೆ ಬಾಯಿಗೆ ಬಂದದ್ದು ಅನ್ನಲಿ. ಅದಕ್ಕಾಗಿ ಕಾಯುತ್ತ, ಬಹುಶಃ ಬೇಡುತ್ತ, ಅವಳು ತಲೆ ಎತ್ತಿದಳು.

ಹುಲಿಗೆವ್ವ ಬೈಯಲಿಲ್ಲ. ಲೆಕ್ಕ ಹೊಂದಿತು ಎನ್ನುವ ಹಾಗೆ ಮೆಲ್ಲಗೆ ತಲೆಯಾಡಿಸಿದಳು. ಇಷ್ಟು ದಿನ ಅರ್ಥವಾಗದೇ ಇದ್ದದ್ದು ಅವಳಿಗೆ ಈಗ ಪೂರ್ತಿ ಅರ್ಥವಾಗಿತ್ತು.

"ಹೌದಲ್ರೀ ಮತ್ತ" ಎಂದಳು. "ಕೇಳದ ಹ್ಯಾಂಗ ಒತ್ತಾಕ ಬರತೈತಿ."

ಆಟೋ ಬಂದು ನಿಂತಿತು.